ಐದು ಕೋಟಿ ಡಾಲರ್ ನೆರವು: ಪತ್ರಿಕೆಗೆ ದಕ್ಕಿದ್ದೆಷ್ಟು?

2020ರ ಏಪ್ರಿಲ್ 23ರಂದು ನ್ಯೂಜಿಲೆಂಡ್ ಸರ್ಕಾರ ಕೋವಿಡ್ ಹೊಡೆತಕ್ಕೆ ಸಿಕ್ಕ ಮಾಧ್ಯಮ ಸಂಸ್ಥೆಗಳಿಗೆ 5 ಕೋಟಿ ನ್ಯೂಜಿಲೆಂಡ್ ಡಾಲರ್ ನೆರವು ಘೋಷಿಸಿತು. ಅಂದಿನ ವಿನಿಮಯ ದರದಲ್ಲಿ ಸುಮಾರು 230 ಕೋಟಿ ರೂಪಾಯಿ. ದೇಶದ ಜನಸಂಖ್ಯೆ 50 ಲಕ್ಷದ ಆಸುಪಾಸು. ತಲೆಗೆ 10 ಡಾಲರ್ ಬೀಳುತ್ತದೆ. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ದೇಶಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಹಣ ಯಾರ ಕಡೆಗೆ ಹೋಯಿತು ಎಂದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಅಂದಿನ ಪ್ರಸಾರ ಮತ್ತು ಮಾಧ್ಯಮ ಸಚಿವ ಕ್ರಿಸ್ ಫಾಫೋಯಿ ಮುಂದಿಟ್ಟ ಲೆಕ್ಕದಲ್ಲಿ ದೊಡ್ಡ ಬಾಬ್ತು 2.11 ಕೋಟಿ ಡಾಲರಿನದು: ಟಿವಿ, ರೇಡಿಯೊ ಸಂಸ್ಥೆಗಳ ಆರು ತಿಂಗಳ ಪ್ರಸರಣ ಶುಲ್ಕ ಪೂರ್ತಿ ಮನ್ನಾ. ಒಟ್ಟು ಮೊತ್ತದ ಶೇ 42ರಷ್ಟು ಇಲ್ಲಿಗೇ ಮುಗಿಯಿತು. ಆ ದೇಶದ ದೊಡ್ಡ ಪ್ರಸರಣ ಜಾಲ ನಡೆಸುವ ಕೊರ್ಡಿಯಾ ಸರ್ಕಾರದ್ದೇ ಕಂಪನಿ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಎರಡನೆಯದು 1.65 ಕೋಟಿ, ಅಂದರೆ ಶೇ 33. ಸರ್ಕಾರಿ ಅನುದಾನ ಸಂಸ್ಥೆ ‘ಎನ್‌ಝಡ್ ಆನ್ ಏರ್’ ಹಣ ಕೊಡುವ ಕಾರ್ಯಕ್ರಮಗಳಿಗೆ ಮಾಧ್ಯಮ ಸಂಸ್ಥೆಗಳು 2020-21ರಲ್ಲಿ ತಮ್ಮ ಕೈಯಿಂದ ಹಾಕಬೇಕಿದ್ದ ಪಾಲನ್ನು ಇಳಿಸಲು ಇದು. ಎರಡೂ ಸೇರಿ ಶೇ 75. ಬಹುಪಾಲು ಪ್ರಸಾರ ಸಂಸ್ಥೆಗಳಿಗೆ ಸಂದ ಅನುಕೂಲ.

ಇನ್ನು 1.11 ಕೋಟಿ ಡಾಲರನ್ನು ಅಗತ್ಯ ಬಿದ್ದಾಗ ಆಯ್ದ ಸಂಸ್ಥೆಗಳಿಗೆ ಕೊಡಲು ಎತ್ತಿಡಲಾಯಿತು. ಕೊನೆಗೆ ಉಳಿದದ್ದು 13 ಲಕ್ಷ ಡಾಲರ್, ಶೇ 2.6. ಸರ್ಕಾರಿ ಇಲಾಖೆಗಳು ಸುದ್ದಿ ಸಂಸ್ಥೆಗಳ ಚಂದಾದಾರರಾಗಲು ಈ ಹಣ. ಅಚ್ಚಿನ ಪತ್ರಿಕೆಗೆ ನೇರವಾಗಿ ತಲುಪುವಂತಿದ್ದ ಬಾಬ್ತು ಇದೊಂದೇ.

ಆದರೆ ಅಷ್ಟು ಹೊತ್ತಿಗೆ ಹೆಚ್ಚು ಪೆಟ್ಟು ತಿಂದಿದ್ದು ಅಚ್ಚಿನ ಮಾಧ್ಯಮವೇ. ಲಾಕ್‌ಡೌನ್‌ನಲ್ಲಿ ದಿನಪತ್ರಿಕೆ ಅಚ್ಚಾಗಬಹುದಿತ್ತು, ನಿಯತಕಾಲಿಕೆಗಳಿಗೆ ಅನುಮತಿ ಇರಲಿಲ್ಲ. ಏಪ್ರಿಲ್ 2ರಂದು ನಿಯತಕಾಲಿಕೆಗಳ ಪ್ರಕಾಶನ ಸಂಸ್ಥೆ ಬಾವರ್ ಮೀಡಿಯಾ ಅಲ್ಲಿನ ವಹಿವಾಟನ್ನೇ ಮುಚ್ಚಿತು. 1932ರಲ್ಲಿ ಹುಟ್ಟಿದ ‘ವುಮನ್ಸ್ ವೀಕ್ಲಿ’, 1939ರ ‘ಲಿಸನರ್’ ಒಂದೇ ದಿನ ನಿಂತವು. 237 ಜನ ಕೆಲಸ ಕಳೆದುಕೊಂಡರು. (‘ಲಿಸನರ್’ ಅದೇ ವರ್ಷ ಬೇರೆ ಮಾಲೀಕರ ಕೈಯಲ್ಲಿ ಮತ್ತೆ ಹೊರಬಂತು.) ಏಪ್ರಿಲ್ ಮಧ್ಯದಲ್ಲಿ ‘ನ್ಯೂಜಿಲೆಂಡ್ ಹೆರಾಲ್ಡ್’ ನಡೆಸುವ ಎನ್‌ಝಡ್‌ಎಂಇ 200 ಹುದ್ದೆ ಕಡಿತ ಪ್ರಕಟಿಸಿತು. ನೆರವಿನ ಘೋಷಣೆಗೆ ಮುಂಚೆಯೇ, ಎರಡೇ ಸಂಸ್ಥೆಗಳಲ್ಲಿ 437 ಕೆಲಸಗಳ ಲೆಕ್ಕ ಇದು. ಮೇ 25ರಂದು ದೇಶದ ದೊಡ್ಡ ಸುದ್ದಿ ಸಂಸ್ಥೆಗಳಲ್ಲೊಂದಾದ ‘ಸ್ಟಫ್’ ಅನ್ನು ಆಸ್ಟ್ರೇಲಿಯದ ಒಡೆಯರು ಅದರ ಮುಖ್ಯಸ್ಥೆ ಸಿನೇಡ್ ಬೌಚರ್ ಅವರಿಗೆ 1 ಡಾಲರಿಗೆ ಮಾರುವುದಾಗಿ ಪ್ರಕಟಿಸಿದರು.

ಎಲ್ಲ ಉದ್ಯಮಗಳಿಗೂ ಇದ್ದ ಸಂಬಳ ಸಹಾಯಧನವನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಬೇಕು. ಆದಾಯ ಶೇ 30 ಕುಸಿದ ಸಂಸ್ಥೆಗೆ ಪೂರ್ಣಾವಧಿ ನೌಕರನೊಬ್ಬನಿಗೆ ವಾರಕ್ಕೆ 585.80 ಡಾಲರಿನಂತೆ 12 ವಾರಗಳ 7,029.60 ಡಾಲರ್ ಒಮ್ಮೆಗೇ ಸಿಗುತ್ತಿತ್ತು. ಬಾವರ್‌ನ 237 ಜನರೂ ಪೂರ್ಣಾವಧಿ ನೌಕರರೆಂದು ಹಿಡಿದರೂ ಅದು 16.7 ಲಕ್ಷ ಡಾಲರ್ ದಾಟುವುದಿಲ್ಲ. ಪ್ರಸರಣ ಶುಲ್ಕ ಮನ್ನಾಕ್ಕೆ ಹೋದ ಹಣದ ಹನ್ನೆರಡರಲ್ಲಿ ಒಂದು ಪಾಲಿಗಿಂತ ಕಡಿಮೆ.

2021ರ ಫೆಬ್ರುವರಿಯಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. ಮೂರು ವರ್ಷಗಳಿಗೆ 5.5 ಕೋಟಿ ಡಾಲರಿನ ಸಾರ್ವಜನಿಕ ಹಿತಾಸಕ್ತಿ ಪತ್ರಿಕೋದ್ಯಮ ನಿಧಿ ಬಂತು. ಅದರಲ್ಲಿ ವರದಿಗಾರರ ಹುದ್ದೆಗಳಿಗೇ ಹಣ ಕೊಡುವ ಅವಕಾಶವಿತ್ತು. ಆದರೆ ಮೂಲನಿವಾಸಿ ಮಾವೊರಿಗಳೊಂದಿಗಿನ ವೈಟಾಂಗಿ ಒಪ್ಪಂದದ ತತ್ವಗಳಿಗೆ ಬದ್ಧತೆ ತೋರಬೇಕೆಂಬ ಷರತ್ತನ್ನು ಹಿಡಿದು, ಮಾಧ್ಯಮವನ್ನು ಸರ್ಕಾರ ಕೊಂಡುಕೊಂಡಿದೆ ಎಂದು ಟೀಕಾಕಾರರು ವರ್ಷಗಟ್ಟಲೆ ದೂರಿದರು. ಹಣ ಪತ್ರಕರ್ತನ ಹತ್ತಿರ ಬಂದಷ್ಟೂ ಅನುಮಾನವೂ ಹತ್ತಿರ ಬರುತ್ತದೆ.

ನಮ್ಮಲ್ಲಿ ಪತ್ರಿಕೆಗಳಿಗೆ ಎರಡು ತಿಂಗಳಲ್ಲೇ 4,000ದಿಂದ 4,500 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಭಾರತೀಯ ವೃತ್ತಪತ್ರಿಕೆಗಳ ಸಂಘ (ಐಎನ್‌ಎಸ್) 2020ರ ಮೇ ತಿಂಗಳಲ್ಲಿ ಕೇಂದ್ರಕ್ಕೆ ಬರೆದಿತ್ತು. ಮುದ್ರಣ ಕಾಗದದ ಮೇಲಿನ ಶೇ 5 ಸುಂಕ ರದ್ದು, ಎರಡು ವರ್ಷ ತೆರಿಗೆ ವಿನಾಯಿತಿ, ಸರ್ಕಾರಿ ಜಾಹೀರಾತು ದರದಲ್ಲಿ ಶೇ 50 ಏರಿಕೆ ಕೇಳಿತ್ತು. ಅದೇ ತಿಂಗಳು ಪ್ರಕಟವಾದ 20 ಲಕ್ಷ ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಪತ್ರಿಕೆಗಳಿಗೆಂದು ಪ್ರತ್ಯೇಕ ಬಾಬ್ತು ಇರಲಿಲ್ಲ. ಐಎನ್‌ಎಸ್‌ನ ಈ ಬೇಡಿಕೆಗಳಲ್ಲೂ ವರದಿಗಾರನ ಕೆಲಸ ಉಳಿಸಬೇಕೆಂಬ ಕರಾರು ಇರಲಿಲ್ಲ. ಮುಂದೆ ಇಂಥ ನೆರವು ಕೇಳುವವರೂ ಕೊಡುವವರೂ ಅದನ್ನು ಮೊದಲ ಸಾಲಿನಲ್ಲೇ ಬರೆಯಲಿ, ಬಾಬ್ತುವಾರು ಲೆಕ್ಕವನ್ನು ಓದುಗರ ಮುಂದಿಡಲಿ.