ವಾಗಣಗೇರಾದ ಕೊನೆಯ ರಾತ್ರಿ: ನಾಲ್ಕು ಕವಡೆ, ಒಂದು ಹಾಳೆಯ ಪಾತ್ರದಾಟ

1705ನೇ ಇಸವಿ, ಏಪ್ರಿಲ್ ತಿಂಗಳ ಕೊನೆಯ ದಿನಗಳು. ಸಗರನಾಡಿನ ವಾಗಣಗೇರಾ ಕೋಟೆಯನ್ನು ಮೊಗಲ್ ಸೈನ್ಯ ಸುತ್ತುವರಿದು ಎರಡೂವರೆ ತಿಂಗಳಾಗಿದೆ. ಸೈನ್ಯದೊಂದಿಗೆ ಸ್ವತಃ ಬಾದಶಹ ಔರಂಗಜೇಬನೇ ಬಂದಿದ್ದಾನೆ. ಅವನ ವಯಸ್ಸು 86. ಕೋಟೆಯೊಳಗೆ ಪಿಡ್ಡನಾಯಕನ ನೇತೃತ್ವದಲ್ಲಿ ಗುರಿ ತಪ್ಪದ ಬೇಡ ಪಡೆ. ನೆರವಿಗೆ ಮರಾಠಾ ಕುದುರೆ ಸವಾರರೂ ಬಂದಿದ್ದಾರೆ. ಇಷ್ಟರಲ್ಲಿ ಜುಲ್ಫಿಕಾರ್ ಖಾನನ ತುಕಡಿ ಬಂದು, ಕೋಟೆಯವರು ನೀರು ತರುತ್ತಿದ್ದ ಬಾವಿಗಳನ್ನು ಹಿಡಿಯಿತು. ಒಂದು ರಾತ್ರಿ ನಾಯಕನೂ ಅವನ ಜನರೂ ಕತ್ತಲಲ್ಲಿ ಕೋಟೆ ಬಿಟ್ಟು ಹೊರಟುಹೋದರು. ಒಳನುಗ್ಗಿದ ಸೈನ್ಯಕ್ಕೆ ಸಿಕ್ಕಿದ್ದು ಬಹುಮಟ್ಟಿಗೆ ಬರಿದಾದ ಕೋಟೆ. ಔರಂಗಜೇಬ ತಾನೇ ಎದುರು ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. ಸಮೀಪದ ದೇವಾಪುರದಲ್ಲಿ ಅವನು ಕಾಯಿಲೆ ಬಿದ್ದ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ.

ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು. ಇಸವಿ, ಹೆಸರು, ಫಲಿತಾಂಶ ಬರೆದರೆ ಅಂಕ ಬರುತ್ತದೆ. ಆದರೆ ಬಾವಿ ಕೈತಪ್ಪಿದ ದಿನ ಉಳಿದ ನೀರನ್ನು ಕೋಟೆಯಲ್ಲಿ ಯಾರಿಗೆ ಮೊದಲು ಕೊಟ್ಟಿರಬೇಕು? ನಡೆಯಲಾರದ ಮುದುಕರನ್ನು ಆ ರಾತ್ರಿ ಏನು ಮಾಡಿರಬೇಕು? ಇಂಥ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಅದನ್ನು ಮಕ್ಕಳೇ ಕೇಳಿಕೊಂಡು, ತಾವೇ ಉತ್ತರ ಹುಡುಕುವ ಒಂದು ದಾರಿ ಇದೆ. ಅದು ಆಟ. ಅದನ್ನು ಅಂಗಡಿಯಿಂದ ತರಬೇಕಾಗಿಲ್ಲ. ಒಂದು ಹಾಳೆ, ನಾಲ್ಕೈದು ಕವಡೆ ಇದ್ದರೆ ಮನೆಯಲ್ಲೇ ಕಟ್ಟಬಹುದು.

ಏನಿದು ಪಾತ್ರದಾಟ?

ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಸನ್ನಿವೇಶ ಹೇಳುತ್ತಾರೆ. ಉಳಿದವರು 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ನಿರ್ಧರಿಸುತ್ತದೆ. ಇಂಗ್ಲಿಷಿನಲ್ಲಿ ಇದು ರೋಲ್ ಪ್ಲೇಯಿಂಗ್ ಗೇಮ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಮೊದಲ ಪ್ರಕಟಿತ ಆಟವೆಂದು ಹೆಸರಾಗಿದೆ.

ಅದರ ಬೇರು ಇನ್ನೂ ಹಿಂದಿನದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ನಕ್ಷೆಯ ಮೇಲೆ ಆಡುವ ಯುದ್ಧದಾಟವೊಂದನ್ನು ರೂಪಿಸಿದ. ಅದರಲ್ಲಿ ಒಬ್ಬ ತೀರ್ಪುಗಾರನಿರುತ್ತಿದ್ದ. ರಣರಂಗದಲ್ಲಿ ಒಬ್ಬ ದಳಪತಿಗೆ ಎಷ್ಟು ತಿಳಿಯುವುದು ಸಾಧ್ಯವೋ ಅಷ್ಟನ್ನೇ ಅವನು ಆಟಗಾರನಿಗೆ ಹೇಳುತ್ತಿದ್ದ. ಗುಡ್ಡದಾಚೆ ವೈರಿ ಎಷ್ಟಿದ್ದಾನೆಂಬುದು ಆಟಗಾರನಿಗೆ ಗೊತ್ತಿಲ್ಲ. ಆದರೂ ಆಜ್ಞೆ ಕೊಡಲೇಬೇಕು.

ಇತಿಹಾಸದ ಆಟಕ್ಕೆ ಇದೇ ತಿರುಳು. 1705 ಹೇಗೆ ಮುಗಿಯಿತೆಂದು ಇಂದು ನಮಗೆ ಗೊತ್ತು. ಅಂದು ಕೋಟೆಯೊಳಗಿದ್ದವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು ನಿರ್ಧಾರ ಮಾಡಿ ನೋಡಿದಾಗಲೇ ಆ ಕಾಲದ ಕಷ್ಟ ಅರಿವಿಗೆ ಬರುತ್ತದೆ.

ನಮ್ಮಲ್ಲಿಲ್ಲದ್ದೇನಲ್ಲ

ಈ ಭಾಗದ ಹಳ್ಳಿಗಳಲ್ಲಿ ದೊಡ್ಡಾಟ ನೋಡಿದವರಿಗೆ ಸಾರಥಿಯ ಪರಿಚಯ ಇದ್ದೇ ಇದೆ. ರಂಗಕ್ಕೆ ಬಂದ ಪಾತ್ರವನ್ನು ಅವನು 'ತಾವು ಯಾರು, ಬಂದ ಕಾರಣವೇನು' ಎಂದು ಮಾತಾಡಿಸುತ್ತಾನೆ. ಪಾತ್ರದಾಟವನ್ನು ನಡೆಸುವವರ ಕೆಲಸವೂ ಅದೇ. ಆದ್ದರಿಂದ ಅವರನ್ನು ಸಾರಥಿ ಎಂದೇ ಕರೆಯಬಹುದು.

ಆಟ ಕಟ್ಟುವ ವಿದ್ಯೆಯೂ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಮೇಲೆ ಕಲೆ ಮತ್ತು ಸಾಹಿತ್ಯದ ಕಡೆ ಹೆಚ್ಚು ಗಮನ ಕೊಟ್ಟರು. ಹಲವು ಮಣೆಯಾಟಗಳನ್ನೂ ಗಂಜೀಫಾ ಎಲೆಯಾಟಗಳನ್ನೂ ರೂಪಿಸಿದರು. ಅವರ ಹೆಸರಿನ 'ಶ್ರೀತತ್ತ್ವನಿಧಿ' ಗ್ರಂಥದ 'ಕೌತುಕನಿಧಿ' ಭಾಗ ಆಟಗಳಿಗೇ ಮೀಸಲು. ಅವರ ಕೆಲವು ಗಂಜೀಫಾ ಕಟ್ಟುಗಳಲ್ಲಿ 300ಕ್ಕೂ ಹೆಚ್ಚು ಎಲೆಗಳಿದ್ದವು. ಆದರೆ ಅಷ್ಟು ಜಟಿಲವಾದ ಆಟಗಳು ಅರಮನೆಯ ಹೊರಗೆ ಹೆಚ್ಚು ಹರಡಲಿಲ್ಲ. ಮಕ್ಕಳು ಇದರಿಂದ ಕಲಿಯಬೇಕಾದ ಪಾಠವೊಂದಿದೆ: ಮೊದಲ ಆಟ ಸಣ್ಣದಾಗಿರಲಿ. ಅಮೆರಿಕದ ಜಾನ್ ಹಾರ್ಪರ್ 2013ರಲ್ಲಿ ರಚಿಸಿದ 'ಲೇಸರ್ಸ್ ಅಂಡ್ ಫೀಲಿಂಗ್ಸ್' ಎಂಬ ಪಾತ್ರದಾಟದ ನಿಯಮಗಳೆಲ್ಲ ಒಂದೇ ಪುಟದಲ್ಲಿವೆ. ಅದನ್ನು ಮಾದರಿಯಾಗಿಟ್ಟುಕೊಂಡು ಎಷ್ಟೋ ಜನ ತಮ್ಮ ತಮ್ಮ ಆಟ ಬರೆದಿದ್ದಾರೆ.

ಕಟ್ಟುವುದು ಹೇಗೆ?

ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ವಸತಿಗೃಹಗಳಿಂದ ಬೆಳೆದ ಊರು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ. ಅಲ್ಲಿ ರಜೆಯ ಮಧ್ಯಾಹ್ನ ಐವರು ವಿದ್ಯಾರ್ಥಿಗಳು ಸೇರಿದ್ದಾರೆ ಎಂದು ಭಾವಿಸಬಹುದು. ಒಬ್ಬಳು ಸಾರಥಿ, ನಾಲ್ವರು ಆಟಗಾರರು. ಆಟದ ಹೆಸರು 'ವಾಗಣಗೇರಾದ ಕೊನೆಯ ರಾತ್ರಿ'.

ಮೊದಲು ಪಾತ್ರಗಳು. ಪಿಡ್ಡನಾಯಕನನ್ನಾಗಲಿ ಔರಂಗಜೇಬನನ್ನಾಗಲಿ ಯಾರಿಗೂ ಕೊಡಬಾರದು. ಅವರು ಏನು ಮಾಡಿದರೆಂಬುದು ದಾಖಲೆಯಲ್ಲಿದೆ. ಅದನ್ನು ದಾಳ ಬದಲಿಸಬಾರದು. ದಾಖಲೆಯಲ್ಲಿ ಹೆಸರಿಲ್ಲದವರೇ ಆಟದ ಪಾತ್ರಗಳು: ನೀರು ಹೊರುವ ಹೆಂಗಸು, ಬುರುಜಿನ ಮೇಲಿನ ಬಂದೂಕಿನವ, ಕುದುರೆ ನೋಡಿಕೊಳ್ಳುವ ಹುಡುಗ, ಮೊಗಲ್ ಪಾಳೆಯಕ್ಕೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಬಂದು ಸಿಕ್ಕಿಬಿದ್ದ ವ್ಯಾಪಾರಿ. ಪ್ರತಿ ಪಾತ್ರದ ಚೀಟಿಯಲ್ಲಿ ಮೂರೇ ಸಾಲು. ಅವರ ಕೆಲಸವೇನು? ಅವರಿಗೆ ಮಾತ್ರ ಗೊತ್ತಿರುವ ಸಂಗತಿ ಯಾವುದು? ಯಾರನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ?

ಎರಡನೆಯದು ದೃಶ್ಯಗಳು. ಮೂರು ಸಾಕು. ಬಾವಿ ಕೈತಪ್ಪಿದ ದಿನ ಮೊದಲನೆಯದು. ಸಂಧಾನದ ಮಾತು ಎರಡನೆಯದು. ಕೋಟೆಯವರು ಕಾಲ ಗಳಿಸಲು ಹುಸಿ ಸಂಧಾನ ನಡೆಸಿದ್ದರು. ಅದು ಹುಸಿ ಎಂಬ ಗುಟ್ಟು ಒಬ್ಬ ಆಟಗಾರನ ಚೀಟಿಯಲ್ಲಿ ಮಾತ್ರ ಇರಲಿ. ಯುದ್ಧ ಮುಗಿಯಿತೆಂದು ನಂಬಿ ಸಂತೋಷಪಡುತ್ತಿರುವ ಪಕ್ಕದವಳಿಗೆ ಅವನು ನಿಜ ಹೇಳಬೇಕೆ? ಹೇಳಿದರೆ ಸುದ್ದಿ ಪಾಳೆಯಕ್ಕೆ ಮುಟ್ಟಬಹುದು. ಹೇಳದಿದ್ದರೆ ಆಕೆ ಹೊರಡಲು ಸಿದ್ಧವಾಗುವುದಿಲ್ಲ. ಕವಡೆ ಎಸೆಯದೆಯೇ ಮಕ್ಕಳು ಬಹಳ ಹೊತ್ತು ಮಾತಾಡುವ ಜಾಗ ಇದು. ಮೂರನೆಯದು ಕೋಟೆ ಬಿಡುವ ರಾತ್ರಿ.

ಕವಡೆಯ ಗಣಿತ

ಇನ್ನು ದಾಳ. ಚೌಕಾಬಾರಾ ಆಡುವ ಮನೆಯಲ್ಲಿ ಕವಡೆ ಇರುತ್ತವೆ. ಇಲ್ಲವಾದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಂಡರಾಯಿತು. ನಾಲ್ಕು ಕವಡೆ ಎಸೆದರೆ ಒಟ್ಟು 16 ರೀತಿಯಲ್ಲಿ ಬೀಳಬಹುದು. ಅವುಗಳಲ್ಲಿ ಒಂದೂ ಅಂಗಾತವಾಗದಿರುವುದು 1 ರೀತಿ, ಒಂದು ಅಂಗಾತ 4 ರೀತಿ, ಎರಡು 6 ರೀತಿ, ಮೂರು 4 ರೀತಿ, ನಾಲ್ಕೂ ಅಂಗಾತ 1 ರೀತಿ. ಕಾಲೇಜಿನಲ್ಲಿ ದ್ವಿಪದ ಪ್ರಮೇಯ ಓದುವ ಮಕ್ಕಳು 1, 4, 6, 4, 1 ಎಂಬ ಸಾಲನ್ನು ಕಂಡ ಕೂಡಲೇ ಗುರುತಿಸುತ್ತಾರೆ.

ಸುಲಭದ ಕೆಲಸಕ್ಕೆ ಎರಡು ಅಥವಾ ಹೆಚ್ಚು ಅಂಗಾತ ಬೀಳಬೇಕು ಎಂದಿಟ್ಟರೆ ಗೆಲ್ಲುವ ಸಂಭವ 16ರಲ್ಲಿ 11. ಕಠಿಣ ಕೆಲಸಕ್ಕೆ ಮೂರು ಅಥವಾ ಹೆಚ್ಚು ಎಂದರೆ 16ರಲ್ಲಿ 5 ಮಾತ್ರ, ಅಂದರೆ ಸುಮಾರು ಶೇ. 31. ತನ್ನ ಕಸುಬಿಗೆ ಸೇರಿದ ಕೆಲಸವಾದರೆ ಆಟಗಾರ ಐದು ಕವಡೆ ಎಸೆಯಲಿ. ಆಗ ಮೂರು ಅಥವಾ ಹೆಚ್ಚು ಬೀಳುವ ಸಂಭವ ಸರಿಯಾಗಿ ಅರ್ಧ. ಕುದುರೆ ಕೆನೆಯದಂತೆ ನೋಡಿಕೊಳ್ಳುವುದು ಕುದುರೆ ಹುಡುಗನಿಗೆ ಉಳಿದವರಿಗಿಂತ ಸುಲಭ ಎಂಬುದನ್ನು ಒಂದು ಹೆಚ್ಚಿನ ಕವಡೆ ಹೇಳಿಬಿಡುತ್ತದೆ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಬಟ್ಟಲಲ್ಲಿ ಕಡಲೆಕಾಳು ಹಾಕಿ ಅದನ್ನು ಕೋಟೆಯ ನೀರಿನ ಕೊಡ ಎಂದುಕೊಳ್ಳಬೇಕು. ಪ್ರತಿ ದೃಶ್ಯದ ಕೊನೆಗೆ ಒಂದು ಕೊಡ ಖರ್ಚು. ಪ್ರಯತ್ನ ಸೋತಾಗಲೆಲ್ಲ ಇನ್ನೊಂದು. ನೀರು ತೀರಿದ ಮೇಲೂ ಖರ್ಚು ಬಂದರೆ ಒಬ್ಬರು ಹಿಂದೆ ಉಳಿಯಬೇಕು. ಯಾರೆಂಬುದನ್ನು ಆಟಗಾರರೇ ತೀರ್ಮಾನಿಸಬೇಕು. ಎಷ್ಟು ಕೊಡ ಇಡಬೇಕು? ನಾಲ್ವರು ಮೂರು ದೃಶ್ಯಗಳಲ್ಲಿ ಒಂದೊಂದು ಸಲ ಪ್ರಯತ್ನಿಸಿದರೆ ಒಟ್ಟು 12 ಪ್ರಯತ್ನ. ಎಲ್ಲವೂ ಸುಲಭದ ಕೆಲಸಗಳಾಗಿ, ನಾಲ್ಕೇ ಕವಡೆ ಎಸೆದರೂ ಸರಾಸರಿ 3.75 ಸೋಲು. ಮೂರು ದೃಶ್ಯಗಳ ಮೂರು ಕೊಡ ಸೇರಿಸಿದರೆ 6.75. ಹತ್ತು ಕೊಡ ಇಟ್ಟರೆ ಯಾರಿಗೂ ಭಯವಿಲ್ಲ. ನಾಲ್ಕು ಇಟ್ಟರೆ ಮೊದಲೇ ನಿರಾಶೆ. ಆರು ಇಟ್ಟರೆ ಕೊನೆಯ ರಾತ್ರಿಯ ಹೊತ್ತಿಗೆ ಬಟ್ಟಲ ತಳ ಕಾಣಿಸುತ್ತದೆ. ಆಟ ಕಟ್ಟುವುದೆಂದರೆ ಮುಖ್ಯವಾಗಿ ಈ ಹದ ಹುಡುಕುವುದು.

ಇನ್ನೊಂದು ಎಚ್ಚರ. ಈ ಲೆಕ್ಕವೆಲ್ಲ ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ನಿಜವಾದ ಕವಡೆಯ ಬೆನ್ನು ಉಬ್ಬಿರುತ್ತದೆ, ಬಾಯಿ ಚಪ್ಪಟೆ. ಒಂದೊಂದನ್ನೂ ನೂರು ಸಲ ಎಸೆದು ಪಟ್ಟಿ ಮಾಡಿದರೆ ತಮ್ಮ ಮನೆಯ ಕವಡೆ ಎಷ್ಟು ನ್ಯಾಯವಂತ ಎಂಬುದು ತಿಳಿಯುತ್ತದೆ. ಪಟ್ಟಿ ಬೇರೆ ಹೇಳಿದರೆ ಕೊಡದ ಸಂಖ್ಯೆ ಬದಲಿಸಬೇಕು.

ಕಲ್ಪನೆಗೂ ಕಟ್ಟಳೆ

ಇತಿಹಾಸ ಬೇಡ, ಮಾಯಾಲೋಕವೇ ಬೇಕು ಎನ್ನುವ ಮಕ್ಕಳಿಗೂ ಸಗರನಾಡಿನಲ್ಲಿ ಸಾಮಗ್ರಿ ಬೇಕಾದಷ್ಟಿದೆ. ಶಹಾಪುರದ ಬೆಟ್ಟಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೈಗೊಡಲಿ ತಯಾರಿಸಿದ ನೆಲೆಯನ್ನು ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದು ತೋರಿಸಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬವಿದೆ. ಬೋನಾಳದ ಕೆರೆಗೆ ಪ್ರತಿವರ್ಷ ದೂರದ ಹಕ್ಕಿಗಳು ಬರುತ್ತವೆ. ಬೆಟ್ಟ ಮಗ್ಗುಲು ಬದಲಿಸಿದರೆ? ಹಕ್ಕಿ ಓಲೆ ತಂದರೆ?

ಆದರೆ ಮಾಯೆ ಎಂದರೆ ಮನಸ್ಸಿಗೆ ಬಂದದ್ದೆಲ್ಲ ಅಲ್ಲ. ಅಜ್ಜಿಯ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಖಡ್ಗದಿಂದ ಅವನು ಸಾಯುವುದಿಲ್ಲ. ಗಿಳಿಯ ಕತ್ತು ಹಿಸುಕಿದರೆ ತಪ್ಪದೆ ಸಾಯುತ್ತಾನೆ. ಅಜ್ಜಿ ಈ ನಿಯಮವನ್ನು ನಡುವೆ ಬದಲಿಸುವುದಿಲ್ಲ. ಆದ್ದರಿಂದಲೇ ಕಥೆ ಕೇಳುವವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಹಕ್ಕಿ ಓಲೆ ಒಯ್ಯುವುದಾದರೆ ಅದಕ್ಕೆ ಕೊಡುವ ಬೆಲೆ ಏನು, ಯಾವ ಹೊತ್ತಿನಲ್ಲಿ ಅದು ಹಾರುವುದಿಲ್ಲ ಎಂಬುದನ್ನು ಮೊದಲೇ ಬರೆದಿಡಬೇಕು.

ಪಾಲಕರಿಗೆ ಎರಡು ಮಾತು

ಕವಡೆ ಎಂದೊಡನೆ ಜೂಜು ನೆನಪಾಗುವುದು ಸಹಜ. ಪಗಡೆಯಿಂದ ಪಾಂಡವರಿಗೆ ಬಂದ ಗತಿ ಎಲ್ಲರಿಗೂ ಗೊತ್ತು. ಇಲ್ಲಿ ಪಣ ಇಲ್ಲ, ಒಬ್ಬ ಗೆದ್ದು ಇನ್ನೊಬ್ಬ ಸೋಲುವುದೂ ಇಲ್ಲ. ಎಲ್ಲರೂ ಸೇರಿ ಒಂದು ಕಷ್ಟವನ್ನು ದಾಟಬೇಕು, ಅಷ್ಟೆ. ಆಟಕ್ಕೆ ಎರಡು ಗಂಟೆಯ ಮಿತಿ ಹಾಕಿದರೆ ಓದಿಗೂ ಅಡ್ಡಿಯಾಗದು.

ಹಿರಿಯರು ನಿಜವಾಗಿ ಗಮನ ಕೊಡಬೇಕಾದ ಸಂಗತಿ ಬೇರೆ ಇದೆ. ಒಂದು ಕಡೆಯವರನ್ನು ಒಳ್ಳೆಯವರು, ಇನ್ನೊಂದು ಕಡೆಯವರನ್ನು ರಾಕ್ಷಸರು ಮಾಡಿಬಿಡುವುದು ಸುಲಭ. ವಾಗಣಗೇರಾವನ್ನು ಮುತ್ತಿದ ಸೈನ್ಯದಲ್ಲಿ ಬುಂದೇಲ ಸರದಾರರೂ ಇದ್ದರು. ಅದು ಒಂದು ಮತದವರ ಸೈನ್ಯವಾಗಿರಲಿಲ್ಲ. ಆ ಪಾಳೆಯಕ್ಕೆ ಸೇರಿದ ಒಂದು ಪಾತ್ರವಾದರೂ ಆಟದಲ್ಲಿ ಇರಬೇಕೆನ್ನುವುದು ಇದೇ ಕಾರಣಕ್ಕೆ.

ಸುರಪುರದ ಕೊನೆಯ ಅರಸ ರಾಜಾ ವೆಂಕಟಪ್ಪನಾಯಕನ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಬ್ರಿಟಿಷರ ವಿರುದ್ಧ ಎದ್ದ ಆ ತರುಣ ಅರಸ 1858ರಲ್ಲಿ ಅವರ ಸೆರೆಯಲ್ಲಿದ್ದಾಗ ಗುಂಡೇಟಿನಿಂದ ತೀರಿಕೊಂಡ. ಅದು ನಡೆದ ಬಗೆಯ ಕುರಿತು ಬೇರೆ ಬೇರೆ ಹೇಳಿಕೆಗಳಿವೆ. ಎಳವೆಯಿಂದ ಅವನನ್ನು ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದದ್ದು ಒಂದು, ಜನರ ಬಾಯಲ್ಲಿ ಉಳಿದಿರುವುದು ಇನ್ನೊಂದು. ಈ ನೆಲದ ಜನ ಇಂದಿಗೂ ಗೌರವದಿಂದ ನೆನೆಯುವ ವ್ಯಕ್ತಿಯ ಸಾವನ್ನು ಕವಡೆ ಎಸೆದು ತೀರ್ಮಾನಿಸುವುದು ತರವಲ್ಲ. ಆ ವರ್ಷದ ಆಟ ಕಟ್ಟುವವರು ಸುರಪುರದ ಬೀದಿಯ ಒಬ್ಬ ನೇಕಾರನನ್ನೋ ಓಲೆಕಾರನನ್ನೋ ಪಾತ್ರ ಮಾಡಿಕೊಳ್ಳಲಿ.

ಆಟ ಮುಗಿದ ಮೇಲೆ ಮಾಡಬೇಕಾದ ಕೆಲಸವೊಂದು ಉಳಿದಿರುತ್ತದೆ. ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು, ಒಂದು ಕಡೆ 'ಇದು ದಾಖಲೆಯಲ್ಲಿದೆ', ಇನ್ನೊಂದು ಕಡೆ 'ಇದು ನಾವು ಕಲ್ಪಿಸಿದ್ದು' ಎಂದು ಬರೆಯಬೇಕು. 1705, ಬಾವಿ, ಹುಸಿ ಸಂಧಾನ, ರಾತ್ರಿಯ ನಿರ್ಗಮನ ಎಡಗಡೆಗೆ. ನೀರು ಹೊರುವ ಹೆಂಗಸು, ಅವಳ ಮುದಿ ತಾಯಿ, ಆರು ಕೊಡ ನೀರು ಬಲಗಡೆಗೆ. ಯಾವ ಕಡೆಗೆ ಸೇರಿಸಬೇಕೆಂದು ತಿಳಿಯದ ಸಂಗತಿ ಬಂದಾಗ ಮಕ್ಕಳು ಪುಸ್ತಕ ತೆರೆಯುತ್ತಾರೆ, ಊರಿನ ಹಿರಿಯರನ್ನು ಕೇಳುತ್ತಾರೆ. ಮುಂದಿನ ರಜೆಯಲ್ಲಿ ಅವರನ್ನು ವಾಗಣಗೇರಾಕ್ಕೇ ಕರೆದೊಯ್ಯಬಹುದು. ಕೋಟೆಯ ಗೋಡೆಯ ಬಳಿ ನಿಂತು, ಇಲ್ಲಿಂದ ನೀರಿಗೆ ಎಷ್ಟು ದೂರ ನಡೆಯಬೇಕಾಗಿತ್ತು ಎಂದು ಅವರು ಹೆಜ್ಜೆ ಎಣಿಸಲಿ.