ಮೂರನೆಯ ತಂತಿ: ಸ್ಲಾಟ್ ಕಾರಿನ ಕೈ ಕಂಟ್ರೋಲರ್ ಮತ್ತು ಅದರ ವೈರಿಂಗ್

ಟ್ರ್ಯಾಕಿನ ಮೇಲಿನ ಕಿರಿದಾದ ಸೀಳಿನೊಳಗೆ ತನ್ನ ಮುಂಭಾಗದ ಅಲಗೊಂದನ್ನು ಇಳಿಬಿಟ್ಟುಕೊಂಡು, ಆ ಸೀಳಿನ ಇಕ್ಕೆಲಗಳಲ್ಲಿ ಹಾಸಿರುವ ಎರಡು ಲೋಹಪಟ್ಟಿಗಳಿಂದ ವಿದ್ಯುತ್ತು ಪಡೆದು ಓಡುವ ಪುಟ್ಟ ಮಾದರಿ ಕಾರಿಗೆ ಸ್ಲಾಟ್ ಕಾರು ಎಂದು ಹೆಸರು. ಬ್ರಿಟನ್ನಿನ ಮಿನಿಮಾಡೆಲ್ಸ್ ಕಂಪನಿಯ ಫ್ರೆಡ್ ಫ್ರಾನ್ಸಿಸ್ ಅವರು ಸ್ಪ್ರಿಂಗಿನ ಬಲದಿಂದ ಓಡುತ್ತಿದ್ದ ತಮ್ಮ ಸ್ಕೇಲೆಕ್ಸ್ ಕಾರುಗಳಿಗೆ ವಿದ್ಯುತ್ ಮೋಟರು ಅಳವಡಿಸಿ, 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಈ ಆಟ ಮನೆಮನೆಗೂ ಪರಿಚಯವಾಯಿತು. ಮನೆಯ ಟ್ರ್ಯಾಕುಗಳಲ್ಲಿ ಹೆಚ್ಚಾಗಿ ಕಾಣುವುದು ನಿಜವಾದ ಕಾರಿನ ಮೂವತ್ತೆರಡನೆಯ ಒಂದು ಅಳತೆಯ ಕಾರುಗಳು. ಇವುಗಳಿಗೆ ಸ್ಟಿಯರಿಂಗ್ ಇಲ್ಲ. ದಿಕ್ಕನ್ನು ಸೀಳೇ ನೋಡಿಕೊಳ್ಳುವುದರಿಂದ ಆಟಗಾರನ ಪಾಲಿಗೆ ಉಳಿಯುವುದು ವೇಗವೊಂದೇ, ಮತ್ತು ತಿರುವಿಗೆ ತಕ್ಕಷ್ಟು ವೇಗ ತಗ್ಗಿಸದಿದ್ದರೆ ಅಲಗು ಸೀಳಿನಿಂದೆದ್ದು ಕಾರು ಟ್ರ್ಯಾಕಿನಿಂದಾಚೆ ಬೀಳುತ್ತದೆ. ಹೀಗಾಗಿ ಈ ಆಟದ ಕೌಶಲವೆಲ್ಲ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಮೂಲಕವೇ ಹರಿಯುತ್ತದೆ. ಆ ಕಂಟ್ರೋಲರನ್ನು ಟ್ರ್ಯಾಕಿಗೆ ಸರಿಯಾಗಿ ಜೋಡಿಸದೆ ಎಷ್ಟು ದುಬಾರಿಯ ಕಾರು ತಂದರೂ ಪ್ರಯೋಜನ ಕಡಿಮೆ.

ಸಾಂಪ್ರದಾಯಿಕ ಕಂಟ್ರೋಲರಿನ ಒಳಗಿರುವುದು ಬಹಳ ಸರಳವಾದ ಏರ್ಪಾಡು. ಪಿಂಗಾಣಿಯಂಥ ಶಾಖ ತಾಳುವ ತುಂಡಿನ ಮೇಲೆ ರೋಧ ಹೆಚ್ಚಿರುವ ತೆಳು ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ; ಟ್ರಿಗರ್ ಒತ್ತಿದಂತೆ ಲೋಹದ ತೋಳೊಂದು ಈ ಸುರುಳಿಯ ಮೇಲೆ ಜಾರುತ್ತ ಹೋಗಿ, ವಿದ್ಯುತ್ತು ಹಾದುಹೋಗಬೇಕಾದ ತಂತಿಯ ಉದ್ದವನ್ನು ಕಡಿಮೆ ಮಾಡುತ್ತದೆ. ಬೇಕೆಂದಂತೆ ರೋಧವನ್ನು ಹೆಚ್ಚುಕಡಿಮೆ ಮಾಡಬಲ್ಲ ಇಂಥ ಸಾಧನವನ್ನು ರಿಯೊಸ್ಟಾಟ್ ಎನ್ನುತ್ತಾರೆ. ಮೋಟರಿನೊಡನೆ ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ, ನಿಂತಿರುವ ಈ ರೋಧವು ಪೂರೈಕೆಯ 12 ವೋಲ್ಟಿನಲ್ಲಿ ಒಂದು ಪಾಲನ್ನು ತಾನು ತೆಗೆದುಕೊಂಡು ಉಳಿದದ್ದನ್ನು ಮೋಟರಿಗೆ ಬಿಡುತ್ತದೆ, ತಾನು ತೆಗೆದುಕೊಂಡ ಪಾಲನ್ನು ಶಾಖವಾಗಿ ಹೊರಹಾಕುತ್ತದೆ. ಬಹಳ ಹೊತ್ತು ಆಡಿದ ಮೇಲೆ ಕಂಟ್ರೋಲರಿನ ಹಿಡಿ ಬೆಚ್ಚಗಾಗುವುದಕ್ಕೆ ಇದೇ ಕಾರಣವಾಗಿರುವುದರಿಂದ, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಎಷ್ಟು ಓಮ್‌ನ ಕಂಟ್ರೋಲರ್ ಬೇಕು ಎಂಬುದು ಮೋಟರು ಎಳೆದುಕೊಳ್ಳುವ ಪ್ರವಾಹದ ಮೇಲೆ ನಿಂತಿದೆ. ನಿಧಾನದ ಓಟದಲ್ಲಿ 0.2 ಆಂಪಿಯರ್ ಎಳೆಯುವ ಮೋಟರಿಗೆ 5 ಓಮ್‌ನ ಕಂಟ್ರೋಲರ್ ಜೋಡಿಸಿದರೆ ಅದು ತಡೆಯುವುದು ಕೇವಲ 1 ವೋಲ್ಟ್, ಅಂದರೆ ಟ್ರಿಗರನ್ನು ಮುಟ್ಟಿದೊಡನೆಯೇ ಕಾರು ಹೆಚ್ಚುಕಡಿಮೆ ಪೂರ್ಣ ವೇಗಕ್ಕೆ ಜಿಗಿಯುತ್ತದೆ. ಅದೇ ಮೋಟರಿಗೆ 40 ಓಮ್ ಇದ್ದರೆ 8 ವೋಲ್ಟ್ ತಡೆಯಲ್ಪಟ್ಟು, ಬೆರಳಿನ ಚಲನೆಯುದ್ದಕ್ಕೂ ವೇಗವನ್ನು ಹದವಾಗಿ ಹಂಚಿಕೊಳ್ಳಬಹುದು. ಹಲವು ಆಂಪಿಯರ್ ಎಳೆಯುವ ದೊಡ್ಡ ರೇಸ್ ಮೋಟರುಗಳಿಗೆ ಮಾತು ತಿರುವುಮುರುವು: ಅವುಗಳಿಗೆ ಕೆಲವೇ ಓಮ್‌ಗಳ ಕಂಟ್ರೋಲರ್ ಸಾಕು. ಮೂವತ್ತೆರಡನೆಯ ಒಂದು ಅಳತೆಯ ಮನೆಯ ಕಾರುಗಳಿಗೆ ಸಾಮಾನ್ಯವಾಗಿ 25ರಿಂದ 60 ಓಮ್‌ವರೆಗಿನವು ಹೊಂದುತ್ತವೆ. ಎಚ್‌ಒ ಎಂದು ಕರೆಯುವ ಇನ್ನೂ ಚಿಕ್ಕ ಕಾರುಗಳಿಗೆ ಅದಕ್ಕಿಂತ ಹೆಚ್ಚು ಓಮ್‌ನವನ್ನೂ ಬಳಸುತ್ತಾರೆ.

ಇಷ್ಟಕ್ಕೆ ಎರಡು ತಂತಿ ಸಾಕು, ಮತ್ತು ಹಳೆಯ ಆಟಿಕೆ ಸೆಟ್ಟುಗಳಲ್ಲಿ ಎಷ್ಟೋ ಕಂಟ್ರೋಲರುಗಳಿಗೆ ಎರಡೇ ತಂತಿ ಇದ್ದವು. ಅಂಥವುಗಳಲ್ಲಿ ಟ್ರಿಗರ್ ಬಿಟ್ಟರೆ ವಿದ್ಯುತ್ತು ನಿಲ್ಲುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ, ಅದು ತನ್ನ ಓಘದಲ್ಲಿ ಜಾರುತ್ತ ಮುಂದುವರಿಯುತ್ತದೆ. ಮೂರನೆಯ ತಂತಿ ಬಂದದ್ದು ಬ್ರೇಕಿಗಾಗಿ, ಮತ್ತು ಇಡೀ ಏರ್ಪಾಡಿನಲ್ಲಿ ಅತ್ಯಂತ ಸೊಗಸಾದ ಭಾಗವೂ ಇದೇ. ಶಾಶ್ವತ ಅಯಸ್ಕಾಂತವುಳ್ಳ ಪುಟ್ಟ ಡಿ.ಸಿ. ಮೋಟರಿಗೂ ವಿದ್ಯುಜ್ಜನಕಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ವಿದ್ಯುತ್ತು ಕೊಟ್ಟರೆ ತಿರುಗುವ ಮೋಟರು, ತಿರುಗಿಸಿದರೆ ವಿದ್ಯುತ್ತು ಕೊಡುತ್ತದೆ. ಓಡುತ್ತಿರುವ ಕಾರಿಗೆ ಪೂರೈಕೆಯನ್ನು ಕಡಿದು, ಅದೇ ಗಳಿಗೆಯಲ್ಲಿ ಅದು ಓಡುವ ಸೀಳಿನ, ಅಂದರೆ ಲೇನಿನ, ಎರಡು ಲೋಹಪಟ್ಟಿಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಿದರೆ, ಚಕ್ರಗಳ ಓಘದಿಂದ ಇನ್ನೂ ತಿರುಗುತ್ತಿರುವ ಮೋಟರು ವಿದ್ಯುತ್ತನ್ನು ಉತ್ಪಾದಿಸಿ ಆ ಜೋಡಣೆಯ ಮೂಲಕ ಹರಿಸತೊಡಗುತ್ತದೆ, ಮತ್ತು 1834ರಲ್ಲಿ ಲೆಂಜ್ ನಿರೂಪಿಸಿದ ನಿಯಮದಂತೆ ಆ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ದೀಪ ಹೊತ್ತಿಸಲು ಡೈನಮೋವನ್ನು ಟೈರಿಗೆ ತಾಗಿಸಿದೊಡನೆ ಸೈಕಲ್ಲಿನ ಪೆಡಲು ಭಾರವಾಗುವುದು ಇದೇ ತತ್ತ್ವದಿಂದ. ಓಡುವ ಮೋಟರು ಆ ಕ್ಷಣಕ್ಕೆ 8 ವೋಲ್ಟ್ ಹುಟ್ಟಿಸುತ್ತಿದ್ದು, ಅದರ ಸುರುಳಿಯ ರೋಧ 6 ಓಮ್ ಇದ್ದರೆ, ಬ್ರೇಕಿನ ಪ್ರವಾಹ ಸುಮಾರು 1.3 ಆಂಪಿಯರ್ ಆಗುತ್ತದೆ; ಬ್ರೇಕಿನ ತಂತಿಯಲ್ಲಿ ಇನ್ನೂ 6 ಓಮ್‌ನ ರೋಧಕ ಸೇರಿಸಿದರೆ ಅದು ಅರ್ಧಕ್ಕೆ ಇಳಿದು ಬ್ರೇಕು ಮೃದುವಾಗುತ್ತದೆ. ಬ್ರೇಕು ಹೊಂದಿಸುವ ಗುಂಡಿಯಿರುವ ಕಂಟ್ರೋಲರುಗಳು ಮಾಡುವುದು ಬಹುಮಟ್ಟಿಗೆ ಇಷ್ಟನ್ನೇ. ಕಾರಿನ ತಳದಲ್ಲಿ ಅಯಸ್ಕಾಂತವಿಟ್ಟು ಉಕ್ಕಿನ ಪಟ್ಟಿಗಳಿಗೆ ಅಂಟಿಸಿ ಓಡಿಸುವವರಿಗೆ ಬ್ರೇಕಿನ ಬೆಲೆ ಅಷ್ಟಾಗಿ ತಿಳಿಯದು. ಅಯಸ್ಕಾಂತ ತೆಗೆದು ಓಡಿಸುವ ದಿನ ಮೂರನೆಯ ತಂತಿಯಿಲ್ಲದ ಟ್ರ್ಯಾಕು ಆಡಲು ತಕ್ಕದ್ದಲ್ಲವೆಂದೇ ಹೇಳಬೇಕು.

ಮೂರು ತಂತಿಗಳಿಗೆ ಕ್ಲಬ್ಬುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಬಣ್ಣಗಳು ಬಿಳಿ, ಕಪ್ಪು, ಕೆಂಪು. ಬಿಳಿ ತಂತಿ ಪೂರೈಕೆಯಿಂದ ಬರುತ್ತದೆ, ಕಪ್ಪು ತಂತಿ ಟ್ರ್ಯಾಕಿನ ಒಂದು ಪಟ್ಟಿಗೆ ಹೋಗುತ್ತದೆ, ಕೆಂಪು ತಂತಿ ಬ್ರೇಕಿನದು. ಕಂಟ್ರೋಲರಿನೊಳಗೆ ಜಾರುವ ತೋಳಿಗೆ ಸೇರಿರುವುದು ಕಪ್ಪು. ಟ್ರಿಗರ್ ಬಿಟ್ಟಾಗ ತೋಳು ಕೆಂಪಿನ ಸಂಪರ್ಕಕ್ಕೆ ತಾಗಿ ನಿಲ್ಲುತ್ತದೆ, ಒತ್ತಿದಾಗ ಅದನ್ನು ಬಿಟ್ಟು ರೋಧದ ಸುರುಳಿಯ ಮೇಲೇರಿ ಬಿಳಿಯ ಕಡೆಗೆ ಸಾಗುತ್ತದೆ. ಬಣ್ಣ ಬೇರೆಯಿರುವ ಹಳೆಯ ಕಂಟ್ರೋಲರ್ ಕೈಗೆ ಬಂದರೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡು ತಂತಿಗಳನ್ನು ಅಳೆಯಬೇಕು. ಟ್ರಿಗರ್ ಬಿಟ್ಟಾಗ ಸೊನ್ನೆಗೆ ಹತ್ತಿರ ತೋರಿಸುವ ಜೋಡಿ ಕಪ್ಪು ಮತ್ತು ಕೆಂಪು, ಪೂರ್ತಿ ಒತ್ತಿದಾಗ ಸೊನ್ನೆಗೆ ಹತ್ತಿರ ತೋರಿಸುವ ಜೋಡಿ ಕಪ್ಪು ಮತ್ತು ಬಿಳಿ. ಎರಡೂ ಜೋಡಿಗಳಲ್ಲಿ ಕಾಣಿಸಿಕೊಂಡ ತಂತಿಯೇ ಕಪ್ಪು ಎಂದು ಗುರುತಿಸಿಕೊಂಡರೆ ಉಳಿದೆರಡೂ ತಾವಾಗಿಯೇ ಗೊತ್ತಾಗುತ್ತವೆ.

ಟ್ರ್ಯಾಕಿನ ಕಡೆಯ ಜೋಡಣೆ ಹೀಗಿರುತ್ತದೆ. ಅಡಾಪ್ಟರಿನ ಧನ ತುದಿಯಿಂದ ಹೊರಟ ತಂತಿ ಒಂದು ಫ್ಯೂಸಿನ ಮೂಲಕ ಬಿಳಿ ಟರ್ಮಿನಲ್ಲಿಗೆ ಬರಬೇಕು. ಕಪ್ಪು ಟರ್ಮಿನಲ್ಲಿನಿಂದ ಲೇನಿನ ಒಂದು ಪಟ್ಟಿಗೆ ತಂತಿ ಹೋಗಬೇಕು. ಕೆಂಪು ಟರ್ಮಿನಲ್, ಲೇನಿನ ಇನ್ನೊಂದು ಪಟ್ಟಿ, ಅಡಾಪ್ಟರಿನ ಋಣ ತುದಿ, ಈ ಮೂರೂ ಒಂದೆಡೆ ಸೇರಬೇಕು. ಟ್ರಿಗರ್ ಬಿಟ್ಟಾಗ ಬಿಳಿ ಒಂಟಿಯಾಗಿ ನಿಲ್ಲುವುದರಿಂದ, ಪಟ್ಟಿಗಳೆರಡು ಒಂದಾದರೂ ಪೂರೈಕೆಗೆ ಶಾರ್ಟ್ ಸರ್ಕ್ಯೂಟ್ ಆಗುವುದಿಲ್ಲ. ಕಾರು ಹಿಮ್ಮುಖವಾಗಿ ಓಡಿದರೆ ಬದಲಿಸಬೇಕಾದದ್ದು ಪಟ್ಟಿಗಳಿಗೆ ಹೋಗುವ ಎರಡು ತಂತಿಗಳ ತುದಿಯನ್ನೇ ಹೊರತು ಟರ್ಮಿನಲ್ಲುಗಳ ಕಡೆಯನ್ನಲ್ಲ. ಟ್ರಾನ್ಸಿಸ್ಟರ್ ಬಳಸುವ ಇಲೆಕ್ಟ್ರಾನಿಕ್ ಕಂಟ್ರೋಲರುಗಳಿಗೆ ಬಿಳಿ ತಂತಿಯಲ್ಲಿ ಧನವಿದೆಯೋ ಋಣವಿದೆಯೋ ಎಂಬುದು ಮುಖ್ಯವಾದ್ದರಿಂದ, ಟರ್ಮಿನಲ್ಲುಗಳನ್ನು ಮುಟ್ಟದೆ ಇರುವುದು ಮುಂದೆ ಅಂಥದನ್ನು ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. ಟ್ರ್ಯಾಕಿಗೇ ಸಂಕೇತ ಕಳಿಸಿ ಕಾರಿನೊಳಗಿನ ಚಿಪ್ಪನ್ನು ಆಳುವ ಡಿಜಿಟಲ್ ಸೆಟ್ಟುಗಳಿಗೆ ಈ ಅಧ್ಯಾಯದ ವೈರಿಂಗ್ ಸಲ್ಲದು.

ಎರಡು ಲೇನಿಗೆ ಒಂದೇ ಅಡಾಪ್ಟರ್ ಇರುವ ಟ್ರ್ಯಾಕಿನಲ್ಲಿ ಒಂದು ಕಾರು ಹೊರಬಿದ್ದ ಕ್ಷಣವೇ ಇನ್ನೊಂದು ಕಾರು ಕಾರಣವಿಲ್ಲದೆ ವೇಗ ಪಡೆದು ತಾನೂ ಬೀಳುವುದುಂಟು. ಎರಡೂ ಕಾರುಗಳ ಪ್ರವಾಹ ಹೊರುತ್ತಿದ್ದ ಅಡಾಪ್ಟರಿನಲ್ಲಿ ಮತ್ತು ಇಬ್ಬರಿಗೂ ಸಾಮಾನ್ಯವಾದ ತಂತಿಯಲ್ಲಿ ಆಗುತ್ತಿದ್ದ ವೋಲ್ಟೇಜ್ ಕುಸಿತ ಒಮ್ಮೆಲೇ ತಗ್ಗಿ, ಆ ಉಳಿಕೆಯೆಲ್ಲ ಓಡುತ್ತಿರುವ ಕಾರಿಗೆ ಸಿಗುವುದೇ ಇದರ ಕಾರಣ. ಲೇನಿಗೊಂದು ಅಡಾಪ್ಟರ್ ಇಟ್ಟು ತಂತಿಗಳನ್ನೂ ಬೇರೆಬೇರೆಯಾಗಿ ಎಳೆಯುವುದು ಇದಕ್ಕೆ ಖಚಿತವಾದ ಪರಿಹಾರ. ತಂತಿಯ ದಪ್ಪದಲ್ಲಿ ಜಿಪುಣತನ ಸಲ್ಲದು: ಹೋಗಿಬರುವ ದಾರಿ ಸೇರಿ 10 ಮೀಟರ್ ಉದ್ದದ 0.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 2 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮನೆಯ ವೈರಿಂಗಿಗೆಂದು ಎಲ್ಲ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುವ 1.5 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ ಅದರ ಮೂರನೆಯ ಒಂದು ಪಾಲು. ಟ್ರ್ಯಾಕಿನ ತುಂಡುಗಳ ಕೀಲುಗಳಲ್ಲೂ ರೋಧವಿರುವುದರಿಂದ, ದೊಡ್ಡ ಟ್ರ್ಯಾಕಿಗೆ ಒಂದೇ ಕಡೆ ವಿದ್ಯುತ್ತು ಕೊಡದೆ, ಅಡಿಯಿಂದ ತಂತಿ ಎಳೆದು ಇನ್ನೆರಡು ಮೂರು ಕಡೆ ಪಟ್ಟಿಗಳಿಗೆ ಬೆಸುಗೆ ಹಾಕಿದರೆ ಬ್ರೇಕೂ ಎಲ್ಲ ಕಡೆ ಒಂದೇ ಸಮನಾಗಿ ಹಿಡಿಯುತ್ತದೆ. ಫ್ಯೂಸಿನ ಆಂಪಿಯರ್ ಅಡಾಪ್ಟರಿನ ಸಾಮರ್ಥ್ಯಕ್ಕಿಂತ ಕಡಿಮೆಯಿರಬೇಕು. 1 ಆಂಪಿಯರಿನ ಅಡಾಪ್ಟರಿಗೆ 3 ಆಂಪಿಯರಿನ ಫ್ಯೂಸ್ ಹಾಕಿದರೆ ಅದು ಸುಡುವ ಸಂದರ್ಭವೇ ಬರುವುದಿಲ್ಲ.

ಯಾವುದಾದರೂ ಎರಡು ತಂತಿಗಳು ಅದಲುಬದಲಾದರೆ ಆಗುವ ತೊಂದರೆ ಮೂರು ಬಗೆಯದು, ಮತ್ತು ಪ್ರತಿಯೊಂದೂ ತನ್ನದೇ ಗುರುತು ಬಿಡುತ್ತದೆ. ಮೊದಲ ಪರೀಕ್ಷೆಗೆ ಫ್ಯೂಸಿನ ಜಾಗದಲ್ಲಿ ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವಾಟ್ ಬಲ್ಬನ್ನು ಸರಣಿಯಲ್ಲಿ ಜೋಡಿಸುವುದು ಒಳ್ಳೆಯ ಪದ್ಧತಿ. ಶಾರ್ಟ್ ಆದರೂ ಪ್ರವಾಹ 2 ಆಂಪಿಯರಿನೊಳಗೇ ನಿಂತು, ಸುರುಳಿ ಸುಡುವ ಬದಲು ಬಲ್ಬು ಉರಿಯುತ್ತದೆ. ಟ್ರ್ಯಾಕಿನ ಮೇಲೆ ಕಾರಿಲ್ಲದೆ, ಟ್ರಿಗರನ್ನೂ ಮುಟ್ಟದೆ ಇರುವಾಗ ಬಲ್ಬು ಉರಿದರೆ ಬಿಳಿ ಮತ್ತು ಕಪ್ಪು ಬದಲಾಗಿವೆ ಎಂದರ್ಥ. ಪೂರೈಕೆಯೇ ತೋಳಿಗೆ ಬಂದು, ಅಲ್ಲಿಂದ ಬ್ರೇಕಿನ ಸಂಪರ್ಕದ ಮೂಲಕ ನೇರವಾಗಿ ಋಣಕ್ಕೆ ಇಳಿಯುತ್ತಿರುತ್ತದೆ. ಬಿಟ್ಟಾಗ ಆರಿದ್ದು, ಒತ್ತುತ್ತ ಹೋದಂತೆ ಬಲ್ಬಿನ ಬೆಳಕು ಏರಿದರೆ ಕಪ್ಪು ಮತ್ತು ಕೆಂಪು ಬದಲಾಗಿವೆ. ಬಲ್ಬಿಲ್ಲದೆ ಇದೇ ತಪ್ಪಾಗಿದ್ದರೆ ಟ್ರಿಗರ್ ಕೊನೆ ಮುಟ್ಟುವ ಹೊತ್ತಿಗೆ ಸುರುಳಿಯ ಕೊನೆಯ ಕೆಲವು ಸುತ್ತುಗಳು ಕೆಂಪಗೆ ಕಾದು ಹೊಗೆಯಾಡುತ್ತಿದ್ದವು. ಎರಡೂ ಸ್ಥಿತಿಯಲ್ಲಿ ಬಲ್ಬು ಆರಿಯೇ ಇದ್ದರೆ ಹಿಂದಿನ ಚಕ್ರಗಳು ನೆಲಕ್ಕೆ ತಾಗದಂತೆ ಕಾರನ್ನು ಹಿಡಿದು ಸೀಳಿಗೆ ಇಳಿಸಬೇಕು. ಟ್ರಿಗರ್ ಮುಟ್ಟದಿದ್ದರೂ ಚಕ್ರ ತಿರುಗಿ, ಒತ್ತಿದೊಡನೆ ನಿಂತರೆ ಬಿಳಿ ಮತ್ತು ಕೆಂಪು ಬದಲಾಗಿವೆ. ಒತ್ತಿದಾಗ ತಿರುಗಿ, ಬಿಟ್ಟೊಡನೆ ಚಕ್ರ ಸಟ್ಟನೆ ನಿಂತರೆ ಮೂರು ತಂತಿಗಳೂ ತಂತಮ್ಮ ಜಾಗದಲ್ಲಿವೆ, ಬಲ್ಬು ಕಳಚಿ ಫ್ಯೂಸ್ ಹಾಕಬಹುದು.