ಮದುವೆಯ ಮುದ್ರೆ ಬೇರೆ, ಗಡಿಯ ಮುದ್ರೆ ಬೇರೆ

ಓದಿಗೆಂದೋ ಉದ್ಯೋಗಕ್ಕೆಂದೋ ಪರದೇಶಕ್ಕೆ ತೆರಳಿದ ಮಗ ಅಥವಾ ಮಗಳು ಅಲ್ಲಿಯ ಪ್ರಜೆಯೊಬ್ಬರನ್ನು ಬಾಳಸಂಗಾತಿಯಾಗಿ ಆರಿಸಿಕೊಂಡಿರುವುದಾಗಿ ತಿಳಿಸುವ ಪ್ರಸಂಗ ಈಗ ನಮ್ಮ ಸಮಾಜದ ಮನೆಗಳಿಗೆ ಹೊಸತಲ್ಲ. ಇದು ಒಳಿತೋ ಅಲ್ಲವೋ ಎಂಬ ಚರ್ಚೆಗೆ ಈ ಲೇಖನದಲ್ಲಿ ನಾವು ಕೈಹಾಕುವುದಿಲ್ಲ. ಅದನ್ನು ಆಯಾ ಮನೆಯ ಹಿರಿಯರೂ ಮಕ್ಕಳೂ ಕುಳಿತು ನಿರ್ಣಯಿಸಿಕೊಳ್ಳತಕ್ಕದ್ದು. ಆದರೆ ಒಪ್ಪಿಗೆ ದೊರೆತ ಮೇಲೆ ಬಹುಪಾಲು ಮನೆಗಳಲ್ಲಿ ನಡೆಯುವ ಆಲೋಚನೆಯೆಲ್ಲ ಕಲ್ಯಾಣಮಂಟಪ, ಮುಹೂರ್ತ, ಬೀಗರ ಉಪಚಾರಗಳ ಸುತ್ತಲೇ ಸುತ್ತುತ್ತದೆ. ಅಕ್ಕಿಕಾಳು ಬಿದ್ದ ಮರುದಿನ ದಂಪತಿಗಳು ಯಾವ ದೇಶದಲ್ಲಿ, ಯಾವ ಹಕ್ಕಿನ ಬಲದಿಂದ ಒಂದೇ ಸೂರಿನಡಿ ಬಾಳುವರೆಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. 'ಅಮೆರಿಕದವನ ಕೈಹಿಡಿದರೆ ಅವಳೂ ಅಮೆರಿಕದವಳೇ' ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ನಂಬಿಕೆಯಿಂದ ಎಷ್ಟೋ ನವದಂಪತಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಗಲಿ ಇರಬೇಕಾಗುತ್ತದೆ. ಆದ್ದರಿಂದ ಈ ವಿಷಯದ ಮುಖ್ಯಾಂಶಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಚರಿತ್ರೆಯ ಒಂದು ಪುಟ

ವಿವಾಹದಿಂದ ಪೌರತ್ವವೇ ಬದಲಾಗುತ್ತಿದ್ದ ಕಾಲವೊಂದಿತ್ತು. ಅಮೆರಿಕದ 1907ರ ಕಾನೂನಿನಂತೆ ಅಲ್ಲಿಯ ಹೆಣ್ಣುಮಗಳು ಪರದೇಶೀಯನನ್ನು ವರಿಸಿದರೆ ತನ್ನ ದೇಶದ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರ ಕೇಬಲ್ ಕಾನೂನು ಈ ಅನ್ಯಾಯವನ್ನು ಬಹುಮಟ್ಟಿಗೆ ಸರಿಪಡಿಸಿತಾದರೂ, ಅಮೆರಿಕದ ಪೌರತ್ವಕ್ಕೆ ಅನರ್ಹನಾದ ವಿದೇಶೀಯನನ್ನು ಮದುವೆಯಾದವಳಿಗೆ ಆ ರಕ್ಷಣೆಯನ್ನು ನೀಡಲಿಲ್ಲ. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂದ್ ಎಂಬುವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಇವೆರಡೂ ಸೇರಿ, ಭಾರತೀಯನ ಕೈಹಿಡಿದ ಅಮೆರಿಕದ ಹೆಣ್ಣು ಹುಟ್ಟಿದ ನಾಡಿನಲ್ಲಿಯೇ ಪರಕೀಯಳಾಗುವಂತಾಯಿತು. ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸರ ಪತ್ನಿ ಮೇರಿ ಅವರು ಹೀಗೆ ಪೌರತ್ವ ಕಳೆದುಕೊಂಡವರಲ್ಲಿ ಒಬ್ಬರು. 1931ರ ತಿದ್ದುಪಡಿಯಿಂದ ಈ ನಿಯಮ ನಿಂತಿತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ವರ್ಷಕ್ಕೆ 100 ಜನರ ವಲಸೆಗೂ ಅವಕಾಶವಾಯಿತು. 1957ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ವಿವಾಹಿತ ಸ್ತ್ರೀಯರ ರಾಷ್ಟ್ರೀಯತೆಯ ಒಡಂಬಡಿಕೆಯು, ಮದುವೆಯ ಕಾರಣದಿಂದ ಹೆಂಡತಿಯ ಪೌರತ್ವವು ತಾನಾಗಿಯೇ ಬದಲಾಗತಕ್ಕದ್ದಲ್ಲವೆಂದು ಸಾರಿತು.

ಅಂದು ಮದುವೆಯು ಪೌರತ್ವವನ್ನು ಕಿತ್ತುಕೊಳ್ಳುತ್ತಿತ್ತು. ಇಂದು ಕಿತ್ತುಕೊಳ್ಳುವುದಿಲ್ಲ, ಹಾಗೆಯೇ ತಾನಾಗಿ ಕೊಡುವುದೂ ಇಲ್ಲ. ಅರ್ಜಿ ಸಲ್ಲಿಸುವ ಒಂದು ಯೋಗ್ಯತೆಯನ್ನಷ್ಟೇ ಒದಗಿಸುತ್ತದೆ.

ಯಾವ ಕಾನೂನಿನಂತೆ ಮದುವೆ?

ವಲಸೆಯ ಅರ್ಜಿಗೆ ಆಧಾರವಾಗುವುದು ಕಾನೂನುಬದ್ಧವಾದ ವಿವಾಹಪತ್ರ. ನಮ್ಮವರಲ್ಲಿ ಮೊದಲ ಗೊಂದಲ ಹುಟ್ಟುವುದೇ ಇಲ್ಲಿ. 1955ರ ಹಿಂದೂ ವಿವಾಹ ಅಧಿನಿಯಮದ 2ನೆಯ ಕಲಮು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿದೆ. ಆದರೆ ಆ ಕಾನೂನಿನಂತೆ ಮದುವೆ ನಡೆಯಬೇಕಾದರೆ ವಧು ವರರಿಬ್ಬರೂ ಅದರ ವ್ಯಾಪ್ತಿಯವರಾಗಿರಬೇಕು. ವರನೋ ವಧುವೋ ಕ್ರೈಸ್ತ ಮೊದಲಾದ ಅನ್ಯ ಧರ್ಮಕ್ಕೆ ಸೇರಿದವರಾದರೆ, ಮಂಟಪದಲ್ಲಿ ಎಷ್ಟೇ ಶಾಸ್ತ್ರೋಕ್ತವಾಗಿ ಕಾರ್ಯ ನಡೆದರೂ ಆ ಕಾನೂನಿನ ಬಲ ಅದಕ್ಕೆ ಇರುವುದಿಲ್ಲ. ಅಂಥವರಿಗೆ ಇರುವ ಮಾರ್ಗ 1954ರ ವಿಶೇಷ ವಿವಾಹ ಅಧಿನಿಯಮ. ಇದರಂತೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿದ್ದು ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು; ಆಕ್ಷೇಪಣೆಗೆಂದು ಮತ್ತೆ 30 ದಿನ ಕಾಯಬೇಕು; ಬಳಿಕ ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ ಮದುವೆಯಾಗಬೇಕು. ಎರಡು ವಾರದ ರಜೆಯ ಮೇಲೆ ಬಂದ ಮಗನ ಮದುವೆ ಈ ರೀತಿ ಮುಗಿಯದೆಂಬುದನ್ನು ಮೊದಲೇ ಅರಿತಿರಬೇಕು.

ಪರದೇಶದಲ್ಲಿಯೇ ಮದುವೆಯಾಗುವುದಾದರೆ 1969ರ ವಿದೇಶೀ ವಿವಾಹ ಅಧಿನಿಯಮವಿದೆ. ಇಬ್ಬರಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೆ ಸಾಕು. ಧರ್ಮ ಯಾವುದಾದರೂ ಅಡ್ಡಿಯಿಲ್ಲ. ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆ ನಡೆಯುತ್ತದೆ. ಇಲ್ಲಿಯೂ 30 ದಿನದ ವಾಸ್ತವ್ಯ ಮತ್ತು ನೋಟೀಸಿನ ನಿಯಮಗಳುಂಟು. ಆ ನಾಡಿನ ಕಾನೂನಿನಂತೆ ನಿಷಿದ್ಧವಾದ ಮದುವೆಯನ್ನು ಅಧಿಕಾರಿಯು ನೆರವೇರಿಸಲು ನಿರಾಕರಿಸಬಹುದು. ಇದಲ್ಲದೆ ಆ ನಾಡಿನ ಸ್ಥಳೀಯ ಕಾನೂನಿನಂತೆಯೂ ಮದುವೆಯಾಗಬಹುದು.

ಇಬ್ಬರ ದೇಶವೂ ಅಲ್ಲದ ಮೂರನೆಯ ದೇಶಕ್ಕೆ ಹೋಗಿ ಮದುವೆಯಾಗುವವರೂ ಇದ್ದಾರೆ. ಡೆನ್ಮಾರ್ಕ್ ಇದಕ್ಕೆ ಹೆಸರಾಗಿದೆ. ಯುರೋಪಿನ ಅನ್ಯ ರಾಷ್ಟ್ರಗಳಲ್ಲಿ ಕಾಗದಪತ್ರಗಳ ತೊಡಕಿನಿಂದ ಬೇಸತ್ತ ಜೋಡಿಗಳು ಅಲ್ಲಿಗೆ ಹೋಗುತ್ತಾರೆ. 2019ರಿಂದ ಅಲ್ಲಿಯ ಕುಟುಂಬ ಕಾನೂನು ಇಲಾಖೆಯೇ ಇವರ ಅರ್ಜಿಗಳನ್ನು ಪರಿಶೀಲಿಸಿ ಅರ್ಹತಾಪತ್ರ ನೀಡುತ್ತಿದೆ. ಆದರೆ ಅಲ್ಲಿ ಮದುವೆಯಾದ ಮಾತ್ರಕ್ಕೆ ಡೆನ್ಮಾರ್ಕಿನಲ್ಲಾಗಲಿ ಬೇರೆಲ್ಲಿಯಾಗಲಿ ವಾಸಿಸುವ ಹಕ್ಕು ಬಾರದು.

ಅಮೆರಿಕದ ಎರಡು ದಾರಿಗಳು

ಅಮೆರಿಕದ ಪ್ರಜೆಯನ್ನು ವರಿಸಲಿರುವ ಭಾರತೀಯರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮದುವೆಗೆ ಮುನ್ನವೇ ನಿಶ್ಚಿತ ವಧು ಅಥವಾ ವರನಾಗಿ ಹೋಗುವ ಕೆ-1 ವೀಸಾ. ಇನ್ನೊಂದು, ಮದುವೆಯಾದ ಮೇಲೆ ಪತಿ ಅಥವಾ ಪತ್ನಿಯಾಗಿ ಹೋಗುವ ವಲಸೆ ವೀಸಾ.

1970ರಲ್ಲಿ ಜಾರಿಗೆ ಬಂದ ಕೆ-1 ವೀಸಾಕ್ಕೆ ಅರ್ಜಿ ಹಾಕಲು ಅಮೆರಿಕದ ಪ್ರಜೆಗೆ ಮಾತ್ರ ಅಧಿಕಾರ. ಗ್ರೀನ್ ಕಾರ್ಡ್ ಉಳ್ಳವರಿಗೆ ಇಲ್ಲ. ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಇಬ್ಬರೂ ಒಮ್ಮೆಯಾದರೂ ಮುಖತಃ ಭೇಟಿಯಾಗಿರಬೇಕು. ಮದುವೆಗೆ ಮೊದಲು ವಧೂವರರು ಪರಸ್ಪರ ನೋಡಲೇಬಾರದೆಂಬ ಕಟ್ಟುನಿಟ್ಟಿನ ಸಂಪ್ರದಾಯವಿದ್ದವರಿಗೆ ವಿನಾಯಿತಿಯುಂಟು. ಹೆಣ್ಣು ನೋಡುವ ಶಾಸ್ತ್ರವನ್ನೇ ಇಟ್ಟುಕೊಂಡಿರುವ ನಮ್ಮವರಿಗೆ ಅದು ಸಲ್ಲದು. ಅಮೆರಿಕಕ್ಕೆ ಕಾಲಿಟ್ಟ 90 ದಿನಗಳೊಳಗೆ ಅರ್ಜಿ ಹಾಕಿದ ಅದೇ ವ್ಯಕ್ತಿಯನ್ನು ಮದುವೆಯಾಗಬೇಕು. ಆಗದಿದ್ದರೆ ದೇಶ ಬಿಡಬೇಕು. ಬೇರೊಬ್ಬರನ್ನು ಮದುವೆಯಾಗಿ ಅಲ್ಲಿಯೇ ಖಾಯಂ ನಿವಾಸಕ್ಕೆ ಅರ್ಜಿ ಹಾಕುವಂತಿಲ್ಲ.

ಈ ದಾರಿ ಹಿಡಿದವರು ಎಚ್ಚರವಹಿಸಬೇಕಾದ ಸಂಗತಿ ಒಂದುಂಟು. ಕೆ-1 ಅವಿವಾಹಿತರಿಗೆ ಮಾತ್ರ ಮೀಸಲು. ಬಂಧುಬಳಗವನ್ನು ಕರೆದು, ಹಾರ ಬದಲಾಯಿಸಿ, ಮದುವೆಯನ್ನೇ ಹೋಲುವ ನಿಶ್ಚಿತಾರ್ಥ ಮಾಡಿ ಅದರ ಚಿತ್ರಗಳನ್ನು ಪುರಾವೆಯಾಗಿ ಸಲ್ಲಿಸಿದರೆ, 'ನಿಮ್ಮ ಮದುವೆ ಆಗಿಯೇ ಹೋಗಿದೆ' ಎಂದು ಅಧಿಕಾರಿಗಳು ವೀಸಾ ನಿರಾಕರಿಸುವ ಸಂಭವವಿದೆ. ಊರವರ ಸಮಾಧಾನಕ್ಕೆಂದು ಇಲ್ಲಿ ಮದುವೆ ಮಾಡಿ, ಅಲ್ಲಿ ನೋಂದಣಿ ಮಾಡಿಸಿದರಾಯಿತೆಂಬ ಹಿರಿಯರ ಸದುದ್ದೇಶವೇ ಇಲ್ಲಿ ಮಕ್ಕಳಿಗೆ ಮುಳುವಾಗಬಲ್ಲದು. ಇಲ್ಲಿಯೇ ಮದುವೆ ಮಾಡಬೇಕೆಂಬುದು ಮನೆಯವರ ಇಚ್ಛೆಯಾದರೆ ಎರಡನೆಯ ದಾರಿಯನ್ನೇ ಹಿಡಿಯತಕ್ಕದ್ದು.

ಆ ಎರಡನೆಯ ದಾರಿಯಲ್ಲಿ ಅಮೆರಿಕದ ಪ್ರಜೆಯ ಪತಿ ಪತ್ನಿಯರನ್ನು ಅತಿ ಹತ್ತಿರದ ಬಂಧುಗಳೆಂದು ಎಣಿಸುವುದರಿಂದ ವಾರ್ಷಿಕ ಸಂಖ್ಯಾಮಿತಿ ಇರುವುದಿಲ್ಲ. ಗ್ರೀನ್ ಕಾರ್ಡ್ ಉಳ್ಳವರ ಪತಿ ಪತ್ನಿಯರಿಗೆ ಮಿತಿಯುಂಟು. ಈ ಭೇದವನ್ನು ಸಂಬಂಧ ಕುದುರಿಸುವಾಗಲೇ ಕೇಳಿ ತಿಳಿಯುವುದು ಲೇಸು. ಈ ವೀಸಾದ ಮೇಲೆ ಹೋದವರು ವಿಮಾನದಿಂದಿಳಿದಾಗಲೇ ಖಾಯಂ ನಿವಾಸಿಗಳಾಗುತ್ತಾರೆ. ದುಡಿಯುವ ಹಕ್ಕೂ ಅಂದಿನಿಂದಲೇ ಬರುತ್ತದೆ. ಕೆ-1ರಲ್ಲಿ ಹೋದವರು ಮದುವೆಯ ಬಳಿಕ ಮತ್ತೊಂದು ಅರ್ಜಿ ಹಾಕಿ, ಅನುಮತಿಗಾಗಿ ಕಾದು, ಅದು ದೊರೆಯುವವರೆಗೆ ತವರಿಗೆ ಬರಲೂ ಮುಂಗಡ ಪರವಾನಿಗೆ ಪಡೆಯಬೇಕಾಗುತ್ತದೆ.

ಕೆಲವರು ಪ್ರವಾಸಿ ವೀಸಾದ ಮೇಲೆ ಹೋಗಿ ಮದುವೆಯಾಗಿ ಅಲ್ಲಿಯೇ ಉಳಿದುಬಿಡೋಣವೆಂದು ಸಲಹೆ ನೀಡುತ್ತಾರೆ. ನೆಲೆಸುವ ಉದ್ದೇಶವನ್ನು ಮರೆಮಾಚಿ ಪ್ರವಾಸಿಯೆಂದು ಹೇಳಿಕೊಂಡು ಪ್ರವೇಶಿಸುವುದು ಸುಳ್ಳು ಹೇಳಿಕೆಯೆನಿಸಿ, ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಲು ಕಾರಣವಾಗಬಹುದು. ಆ ಸಲಹೆಗೆ ಕಿವಿಗೊಡಬಾರದು.

ಎರಡು ವರ್ಷದ ಪರೀಕ್ಷಾಕಾಲ

ವೀಸಾಕ್ಕಾಗಿಯೇ ನಡೆಯುವ ಹುಸಿ ಮದುವೆಗಳನ್ನು ತಡೆಯಲು ಅಮೆರಿಕವು 1986ರಲ್ಲಿ ಒಂದು ಕಾನೂನು ತಂದಿತು. ಅದರಂತೆ ಖಾಯಂ ನಿವಾಸ ದೊರೆಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ನಿವಾಸ. ಆ ಅವಧಿ ಮುಗಿಯುವ ಕೊನೆಯ 90 ದಿನಗಳಲ್ಲಿ ದಂಪತಿಗಳು ಜಂಟಿಯಾಗಿ ಅರ್ಜಿ ಹಾಕಿ ಷರತ್ತನ್ನು ತೆಗೆಸಿಕೊಳ್ಳಬೇಕು. ಹುಸಿ ಮದುವೆಯೆಂದು ಸಾಬೀತಾದರೆ ಐದು ವರ್ಷದವರೆಗೆ ಸೆರೆವಾಸ, ಎರಡೂವರೆ ಲಕ್ಷ ಡಾಲರಿನವರೆಗೆ ದಂಡವುಂಟು.

ಹೆಣ್ಣುಮಕ್ಕಳ ತಂದೆತಾಯಿಗಳು ಈ 'ಜಂಟಿ ಅರ್ಜಿ'ಯ ಮಾತನ್ನು ಮನಸ್ಸಿಟ್ಟು ಓದಬೇಕು. ಗಂಡನ ಸಹಿಯಿಲ್ಲದೆ ಅರ್ಜಿ ಸಾಗದೆಂಬ ಅಂಜಿಕೆಯಿಂದ ಹೊಡೆತ ಬಡಿತಗಳನ್ನು ಸಹಿಸಿಕೊಂಡು ಕೂಡುವ ಹೆಣ್ಣುಮಕ್ಕಳಿದ್ದಾರೆ. ಆ ಅಂಜಿಕೆಗೆ ಕಾನೂನಿನಲ್ಲಿಯೇ ಪರಿಹಾರವಿದೆ. ಮದುವೆ ಪ್ರಾಮಾಣಿಕವಾಗಿ ನಡೆದು ವಿಚ್ಛೇದನದಲ್ಲಿ ಕೊನೆಗೊಂಡಿದ್ದರೆ, ಅಥವಾ ಪತಿಯಿಂದ ದೌರ್ಜನ್ಯ ನಡೆದಿದ್ದರೆ, ಆಕೆಯೊಬ್ಬಳೇ ಅರ್ಜಿ ಸಲ್ಲಿಸಬಹುದು. 1994ರ ಮಹಿಳಾ ದೌರ್ಜನ್ಯ ತಡೆ ಕಾನೂನು, ಗಂಡನ ನೆರವಿಲ್ಲದೆ ಖಾಯಂ ನಿವಾಸಕ್ಕೆ ತಾನೇ ಮನವಿ ಮಾಡುವ ಹಕ್ಕನ್ನೂ ನೀಡಿದೆ. ಇಷ್ಟೇ ಅಲ್ಲ, ಕರೆಸಿಕೊಂಡವರು ಬರೆದುಕೊಡುವ ಪೋಷಣೆಯ ಮುಚ್ಚಳಿಕೆಯ ಹೊಣೆ ವಿಚ್ಛೇದನವಾದ ಮಾತ್ರಕ್ಕೆ ಕಳಚುವುದಿಲ್ಲ. ಈ ಮಾತುಗಳನ್ನು ಮಗಳಿಗೆ ಬೀಳ್ಕೊಡುವ ಮುನ್ನವೇ ತಿಳಿಸಿಡಬೇಕು. ಆಕೆಯ ಪಾಸ್‌ಪೋರ್ಟು, ವಿವಾಹಪತ್ರಗಳ ಪ್ರತಿಗಳು ತವರಿನಲ್ಲಿಯೂ ಇರಬೇಕು.

ಯುರೋಪು ಮತ್ತು ಬ್ರಿಟನ್

ಬ್ರಿಟನ್ನಿನಲ್ಲಿ ಪ್ರಶ್ನೆ ಹೆಚ್ಚಾಗಿ ವರಮಾನದ್ದು. 2012ರಿಂದ ವರ್ಷಕ್ಕೆ 18,600 ಪೌಂಡು ಇದ್ದ ಕನಿಷ್ಠ ಆದಾಯದ ಮಿತಿಯನ್ನು 2024ರ ಏಪ್ರಿಲ್ 11ರಿಂದ 29,000 ಪೌಂಡಿಗೆ ಏರಿಸಲಾಯಿತು. ಅಲ್ಲಿಗೆ 1980ರ ದಶಕದಲ್ಲಿ ಹೋದ ನಮ್ಮ ದೇಶದವರಿಗೆ ಇನ್ನೊಂದು ಕಷ್ಟವಿತ್ತು: ಮದುವೆಯ ಮುಖ್ಯ ಉದ್ದೇಶ ವಲಸೆಯಲ್ಲವೆಂದು ಅವರೇ ರುಜುವಾತುಪಡಿಸಬೇಕಿತ್ತು. ಆ ನಿಯಮ 1997ರ ಜೂನಿನಲ್ಲಿ ರದ್ದಾಯಿತು.

ಯುರೋಪಿನ ವಲಸೆ ನ್ಯಾಯದಲ್ಲಿ ಭಾರತೀಯರೊಬ್ಬರ ಹೆಸರು ಅಚ್ಚಳಿಯದೆ ಉಳಿದಿದೆ. 1982ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬರನ್ನು ವರಿಸಿದ ಸುರಿಂದರ್ ಸಿಂಗ್ ಅವರು ಪತ್ನಿಯೊಡನೆ ಜರ್ಮನಿಯಲ್ಲಿ ದುಡಿದು 1985ರಲ್ಲಿ ಬ್ರಿಟನ್ನಿಗೆ ಮರಳಿದರು. ಅವರ ವಾಸದ ಹಕ್ಕಿನ ವ್ಯಾಜ್ಯದಲ್ಲಿ ಯುರೋಪಿನ ನ್ಯಾಯಾಲಯವು 1992ರ ಜುಲೈ 7ರಂದು, ಅನ್ಯ ಸದಸ್ಯರಾಷ್ಟ್ರದಲ್ಲಿ ದುಡಿದು ಸ್ವದೇಶಕ್ಕೆ ಮರಳುವ ಪ್ರಜೆಯು ತನ್ನ ಸಂಗಾತಿಯನ್ನೂ ಯುರೋಪಿನ ಕಾನೂನಿನ ಬಲದಿಂದಲೇ ಕರೆತರಬಹುದೆಂದು ತೀರ್ಪಿತ್ತಿತು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರನಡೆದ ಮೇಲೆ ಈ ದಾರಿ ಅಲ್ಲಿ ಹೊಸಬರಿಗೆ ಮುಚ್ಚಿತು. ಒಕ್ಕೂಟದ ಉಳಿದ ದೇಶಗಳಲ್ಲಿ ತತ್ವ ಉಳಿದಿದೆ.

ಭಾರತದಲ್ಲಿಯೇ ನೆಲೆಸುವುದಾದರೆ

ವಿದೇಶೀ ಸೊಸೆಯೋ ಅಳಿಯನೋ ಇಲ್ಲಿಗೇ ಬಂದು ನೆಲೆಸುವುದೂ ಉಂಟು. ನೋಂದಣಿಯಾದ ಮದುವೆಯು ನಿರಂತರವಾಗಿ ಎರಡು ವರ್ಷ ಬಾಳಿದ ಮೇಲೆ ಅವರು 'ಸಾಗರೋತ್ತರ ಭಾರತೀಯ ನಾಗರಿಕ' ಕಾರ್ಡಿಗೆ, ಅಂದರೆ ಓಸಿಐಗೆ, ಅರ್ಜಿ ಹಾಕಬಹುದು. ಆದ್ದರಿಂದ ನೋಂದಣಿಯನ್ನು ಮುಂದೂಡುವುದು ಜಾಣತನವಲ್ಲ. ಈ ಕಾರ್ಡು ಪೌರತ್ವವಲ್ಲ: ಮತದಾನದ ಹಕ್ಕಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಮದುವೆ ಮುರಿದರೆ ಕಾರ್ಡೂ ರದ್ದಾಗಬಹುದು. ಪೌರತ್ವವೇ ಬೇಕೆಂದರೆ, ಭಾರತದ ಪ್ರಜೆಯ ಪತಿ ಅಥವಾ ಪತ್ನಿಯು ಏಳು ವರ್ಷ ಇಲ್ಲಿ ವಾಸವಾಗಿದ್ದು ಅರ್ಜಿ ಸಲ್ಲಿಸಬೇಕು. ಇತ್ತ ನಮ್ಮ ಮಕ್ಕಳು ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಕಳೆದುಹೋಗುತ್ತದೆ. ಹೊಲಮನೆಗಳುಳ್ಳ ಕುಟುಂಬಗಳು ಈ ಅಂಶವನ್ನು ಮರೆಯಬಾರದು.

ಲಗ್ನಪತ್ರಿಕೆಗೆ ಮುನ್ನ

ಕೊನೆಯದಾಗಿ ನಮ್ಮ ವಿನಂತಿ ಇಷ್ಟು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಎರಡೂ ಮನೆಯವರು ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲಿ: ದಂಪತಿಗಳು ಎಲ್ಲಿ ನೆಲೆಸುವರು? ಸಂಗಾತಿಯು ಅಲ್ಲಿಯ ಪ್ರಜೆಯೋ, ಬರಿಯ ನಿವಾಸಿಯೋ? ಮದುವೆ ಎಲ್ಲಿ, ಯಾವ ಕಾನೂನಿನಂತೆ? ವೀಸಾ ಕೈಸೇರುವವರೆಗೆ ಮಗಳು ಅಥವಾ ಸೊಸೆ ಎಲ್ಲಿರುವಳು, ಅವಳ ಖರ್ಚುವೆಚ್ಚ ಯಾರದು? ಜನನಪತ್ರ, ಪಾಸ್‌ಪೋರ್ಟು, ಶಾಲಾ ದಾಖಲೆಗಳಲ್ಲಿ ಹೆಸರೂ ಜನ್ಮದಿನವೂ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಲಿ. ಮೊದಲ ಮದುವೆ ಮುರಿದವರಿದ್ದರೆ ಆ ತೀರ್ಪಿನ ಪ್ರತಿಯನ್ನು ಕೇಳಿ ಪಡೆಯಲಿ. ಇದನ್ನು ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಶುಲ್ಕ, ನಮೂನೆಗಳು ಬದಲಾಗುತ್ತಿರುವುದರಿಂದ ಆಯಾ ದೇಶದ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಲಿ. ದಲ್ಲಾಳಿಗಳ ಬಾಯಿಮಾತನ್ನು ನೆಚ್ಚದಿರಲಿ.

ಮನಸ್ಸುಗಳು ಕೂಡಿದ ಮೇಲೆ ಗಡಿಗಳು ದೊಡ್ಡವಲ್ಲ ಎಂದು ಯುವಕರು ಹೇಳುತ್ತಾರೆ. ಆ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಗಡಿಯ ಕಚೇರಿಯಲ್ಲಿ ಕುಳಿತವನು ಕೇಳುವುದು ಕಾಗದವನ್ನು. ಆ ಕಾಗದವನ್ನು ಸಕಾಲದಲ್ಲಿ, ಸತ್ಯವಾಗಿ ಸಿದ್ಧಪಡಿಸಿಕೊಡುವುದು ಮಕ್ಕಳ ದಾಂಪತ್ಯಕ್ಕೆ ಹಿರಿಯರು ಸಲ್ಲಿಸಬಹುದಾದ ದೊಡ್ಡ ಉಡುಗೊರೆ.